ಅಂಗಾತ ಮಲಗಿದ ಯೂನಿಕಾರ್ನ್

ನಮ್ಮ ಕರಾವಳಿಯವರಿಗೆ ಚಿನ್ನವನ್ನು ನೋಡಲು ಬರುವುದಿಲ್ಲ, ತೊಡಲು ಮಾತ್ರ ಬರುತ್ತದೆ. ಇದು ನನಗೆ ಖಚಿತವಾದದ್ದು ಏಷ್ಯನ್ ಗೇಮ್ಸ್‌ಗಾಗಿ ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ವರ್ಷ. ನಿವೃತ್ತರಾಗಿ ಊರಿಗೆ ಹೊರಟಿದ್ದ ನಮ್ಮ ಸ್ಕಾಟ್ಲೆಂಡಿನ ಮ್ಯಾನೇಜರು ನನಗೊಂದು ನಾಣ್ಯ ಕೊಟ್ಟರು. ಅವರ ಹಳೆಯ ರಾಜರ ಕಾಲದ ನಾಣ್ಯದ ನಕಲು. ಚಿನ್ನ ಮಾತ್ರ ಅಸಲು. ಒಂದು ಬದಿಯಲ್ಲಿ ಯೂನಿಕಾರ್ನ್, ಎಂದರೆ ಹಣೆಯಲ್ಲಿ ಒಂದೇ ಕೊಂಬಿರುವ ಕುದುರೆ. ಅದರ ಕಿರೀಟ ತಲೆಯ ಮೇಲಿಲ್ಲ, ಕುತ್ತಿಗೆಯಲ್ಲಿದೆ. ಜೊತೆಗೊಂದು ಸರಪಳಿ ಬೇರೆ. ಇನ್ನೊಂದು ಬದಿಯಲ್ಲಿ ದೊಡ್ಡ ನಕ್ಷತ್ರ. "ಯಾರಿಗೂ ಬಗ್ಗದ ಪ್ರಾಣಿ. ನಮ್ಮ ದೇಶದ ಮರ್ಯಾದೆ ಅದು, ಜೋಪಾನ," ಎಂದರು. ಇಡೀ ಆಫೀಸಿನಲ್ಲಿ ನನಗೊಬ್ಬನಿಗೇ ಕೊಟ್ಟರಲ್ಲ ಎಂದು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲಾಟ್ ಮುಟ್ಟುವವರೆಗೂ ಕಂಪನಿ ಬಸ್ಸಿನಲ್ಲಿ ಎದೆಯುಬ್ಬಿಸಿಕೊಂಡೇ ಕೂತಿದ್ದೆ.

ಹೆಂಡತಿ ವಾರಿಜಾ ನಾಣ್ಯವನ್ನು ಅಂಗೈಯಲ್ಲೇ ತೂಗಿ ನೋಡಿದಳು. "ಲಕ್ಷ್ಮಿ ಇಲ್ವಾ ಇದ್ರಲ್ಲಿ? ಇರ್ಲಿ. ಪೆಟ್ಟಿಗೆಯಲ್ಲಿಟ್ರೆ ಯಾರಿಗೆ ಗೊತ್ತಾಗ್ತದೆ," ಎಂದವಳು, ಮರುದಿನ ನಾನು ಡ್ಯೂಟಿಯಲ್ಲಿರುವಾಗ ಗೋಲ್ಡ್ ಸೂಕ್ ಎಂಬ ಚಿನ್ನದ ಪೇಟೆಗೆ ಹೋಗಿ ಅದಕ್ಕೆ ಕೊಂಡಿ ಬೆಸೆಸಿ, ಸರಕ್ಕೆ ಪೋಣಿಸಿಕೊಂಡು ಬಂದಳು. ಕುದುರೆಗಿಂತ ನಕ್ಷತ್ರ ಶುಭವೆಂದು ಅದನ್ನೇ ಮುಂದೆ ಮಾಡಿಸಿದ್ದಳು. ನಕ್ಷತ್ರಕ್ಕೆ ಮೇಲೆ ಕೆಳಗೆ ಎಂಬುದಿದೆಯೇ? ಅಕ್ಕಸಾಲಿ ಕೈಗೆ ಬಂದ ಕಡೆ ಕೊಂಡಿ ಕೂರಿಸಿದ್ದ. ತಿರುಗಿಸಿ ನೋಡಿದರೆ ಸ್ಕಾಟ್ಲೆಂಡಿನ ಮರ್ಯಾದೆ ಕಾಲು ಮೇಲೆ ಮಾಡಿಕೊಂಡು ಅಂಗಾತ ಮಲಗಿತ್ತು. ಆ ಶುಕ್ರವಾರವೇ ಮ್ಯಾನೇಜರನ್ನು ನಾನು ಊಟಕ್ಕೆ ಕರೆದಿದ್ದೆ. ಅವರು ಊರಿಗೆ ಹೋಗುವ ಹೊತ್ತಿಗೆ ಅವರ ಕಣ್ಣಲ್ಲಿ ಸಣ್ಣವನಾಗುತ್ತೇನಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಅವತ್ತೊಂದು ದಿನ ಸರ ತೆಗೆದಿಡು ಎಂದು ಕೇಳಿಕೊಂಡೆ. "ಕೊಟ್ಟವರ ಎದುರು ಹಾಕದೆ ಮತ್ತೆ ಯಾರ ಎದುರು ಹಾಕುದು?" ಎಂದಳು.

ಊಟದುದ್ದಕ್ಕೂ ನನ್ನ ಕಣ್ಣು ಹೆಂಡತಿಯ ಕುತ್ತಿಗೆಯ ಮೇಲೆಯೇ ಇತ್ತು. ಮದುವೆಯಾದ ಹೊಸತರಲ್ಲೂ ಅಷ್ಟು ನೋಡಿದವನಲ್ಲ. ನಕ್ಷತ್ರ ಬಹಳ ಹೊತ್ತು ಮಾನ ಕಾಪಾಡಿತು. ಎರಡನೆಯ ಸಲ ನೀರುದೋಸೆ ಬಡಿಸಲು ಅವಳು ಬಗ್ಗಿದಾಗ ನಾಣ್ಯ ತಿರುಗಿಯೇ ಬಿಟ್ಟಿತು. ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಕತ್ತು ಓರೆ ಮಾಡಿ ಇನ್ನೊಮ್ಮೆ ನೋಡಿದರು. ನಾನು ಅವರು ಕೇಳದಿದ್ದರೂ ಇನ್ನೊಂದು ಕೋಳಿಯ ತುಂಡು ಅವರ ತಟ್ಟೆಗೆ ಹಾಕಿದೆ. ವಾರಿಜಾ ತನಗೆ ಬರುವ ಇಂಗ್ಲಿಷಿನಲ್ಲಿ ಅವರನ್ನು ಸಮಾಧಾನಪಡಿಸಿದಳು: "ಬೇಜಾರು ಮಾಡ್ಬೇಡಿ ಸರ್. ರಜೆ ದಿನ ನಮ್ಮ ಇವರೂ ಹೀಗೇ ಮಲಗುದು."

ಅವರು ದೋಸೆ ಮುರಿಯುತ್ತಾ, ಆಫೀಸಿನಲ್ಲಿ ನನ್ನ ರಿಪೋರ್ಟು ಓದುವಾಗಿನ ಅದೇ ಮುಖದಲ್ಲಿ, "ರಜೆ ದಿನ ಮಾತ್ರವೇ?" ಎಂದು ಕೇಳಿದರು.