ಬೋರಯ್ಯನ ಧ್ವನಿಯನ್ನು ಸರಿಯಾದ ಪ್ರೋಗ್ರಾಮಿಗೆ ಬಿಡುವ ಬಗ್ಗೆ

ಇಂದ,
ಮುದ್ದಕ್ಕ, ಬೋರಯ್ಯನ ಹೆಂಡತಿ,
ಕುರಿ ಸಾಕಣೆ, ದೊಡ್ಡಉಳ್ಳಾರ್ತಿ,
ಚಳ್ಳಕೆರೆ ತಾಲ್ಲೂಕು.

ಗೆ,
ಯಾವ ಕಡತವನ್ನು ಯಾವ ಪ್ರೋಗ್ರಾಮಿನಲ್ಲಿ ತೆರೆಯಬೇಕೆಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳು,
ಕಿಟಕಿ ಪಕ್ಕದ ಕಂಪ್ಯೂಟರಿನ ಒಳಗೆ,
ಕಾವಲು ದಾರಿ ಆಕ್ಷೇಪಣಾ ಶಾಖೆ, ಚಳ್ಳಕೆರೆ.

ವಿಷಯ: ಅರ್ಜಿದಾರಳ ಗಂಡನ ಧ್ವನಿಯನ್ನು ಕಾಗದವೆಂದು ತಿಳಿದು ತೆರೆಯುತ್ತಿರುವುದನ್ನು ನಿಲ್ಲಿಸಿ, ಧ್ವನಿಯೆಂದೇ ತೆರೆಯುವಂತೆ ಕೋರಿ.

ಉಲ್ಲೇಖ:
1) ಶಾಖೆಯ ಪ್ರಕಟಣೆ: "ಬರೆಯಲು ಬಾರದವರು ತಮ್ಮ ಆಕ್ಷೇಪಣೆಯನ್ನು ಧ್ವನಿಮುದ್ರಿಸಿ ಸಲ್ಲಿಸಬಹುದು."
2) ಶಾಖೆಯ ಹಿಂಬರಹ: "ಸದರಿಯವರ ಹೇಳಿಕೆ ಓದಲು ಬಾರದ ಕಾರಣ ಅವರ ಆಕ್ಷೇಪಣೆ ಇಲ್ಲವೆಂದು ಪರಿಗಣಿಸಲಾಗಿದೆ."
3) ಸೂಪರಿಂಟೆಂಡೆಂಟ್ ಮಲ್ಲಿಕಾರ್ಜುನಪ್ಪನವರ ಮೌಖಿಕ ಆದೇಶ: "ನಾನೇನ್ ಮಾಡ್ಲಮ್ಮ, ಕಂಪ್ಯೂಟರ್ ಹಂಗೇ ತೆಗೀತೈತೆ. ಅದನ್ನೇ ಕೇಳು ಹೋಗು."

ಮಾನ್ಯರೇ,

ಉಲ್ಲೇಖ ಮೂರರ ಮೌಖಿಕ ಆದೇಶಕ್ಕೆ ತಲೆಬಾಗಿ, ಅರ್ಜಿದಾರಳು ಈ ಅರ್ಜಿಯನ್ನು ಮನುಷ್ಯರಾರಿಗೂ ಕೊಡದೆ ನೇರವಾಗಿ ತಮಗೇ ಸಲ್ಲಿಸುತ್ತಿದ್ದಾಳೆ. ತಮ್ಮ ಮುಖವನ್ನು ಆಕೆ ನೋಡಿಲ್ಲ. ಆದರೆ ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಯಾರೂ ತಮ್ಮ ಮಾತು ಮೀರುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದಾಳೆ. ಕಾರಣ, ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ದೊಡ್ಡಉಳ್ಳಾರ್ತಿ ಪಕ್ಕದ ಕಾವಲಿನಲ್ಲಿ, ಅಂದರೆ ಊರಿನ ಕುರಿ ದನ ಮೇಯುತ್ತ ಬಂದ ಹುಲ್ಲುಬಯಲಿನಲ್ಲಿ, ನೀರಿನ ಹೊಂಡಕ್ಕೆ ಹೋಗುವ ಒಂದು ದಾರಿ ಇದೆ. ಸದರಿ ದಾರಿಗೆ ಬೇಲಿ ಹಾಕಿ ಮುಚ್ಚಲಾಗುವುದೆಂದೂ, ಆಕ್ಷೇಪಣೆ ಇದ್ದವರು ಸಲ್ಲಿಸಬಹುದೆಂದೂ ಶಾಖೆಯು ಪ್ರಕಟಣೆ ಅಂಟಿಸಿತು. ದಾರಿ ಮುಚ್ಚಿದ ಮೇಲೆ ನೀರು ಬೇಲಿಯ ಆಚೆ ಇರುತ್ತದೆ, ಕುರಿ ಈಚೆ ಇರುತ್ತವೆ. ಇವೆರಡನ್ನು ಭೇಟಿ ಮಾಡಿಸುವ ಬಗ್ಗೆ ಪ್ರಕಟಣೆಯಲ್ಲಿ ಒಂದು ಸಾಲೂ ಇರಲಿಲ್ಲ.

2. ಆ ದಾರಿಯನ್ನು ಅರ್ಜಿದಾರಳ ಗಂಡ ಬೋರಯ್ಯನಷ್ಟು ತುಳಿದವರು ಈಗ ಊರಿನಲ್ಲಿಲ್ಲ. ಆತನಿಗೆ ಬರೆಯಲು ಬಾರದು. ಅದೇ ಹೊತ್ತಿಗೆ ಆತನ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡು, ಆಪರೇಷನ್ ಆದ ಮೇಲೆ ಮಾತು ಬರುವುದಿಲ್ಲವೆಂದು ಡಾಕ್ಟರು ಮೊದಲೇ ತಿಳಿಸಿದ್ದರು. ಆದ್ದರಿಂದ, ಆಸ್ಪತ್ರೆಗೆ ಹೊರಡುವ ಮುನ್ನ ಕುರಿ ಕೂಡುವ ರೊಪ್ಪದ ಕಲ್ಲಿನ ಮೇಲೆ ಕೂತು, ತನ್ನ ಗುಂಡಿ ಫೋನಿನಲ್ಲಿ ಹೇಳಿಕೆ ಕೊಟ್ಟನು. ಗುಂಡಿ ಒತ್ತಿದವಳು ಅರ್ಜಿದಾರಳು.

"ಒತ್ತೀನಿ, ಮಾತಾಡು."

"ಏನಂತ ಶುರು ಮಾಡ್ಲಿ?"

"ಸಾಹೇಬ್ರೇ ಅನ್ನು."

"ಸಾಹೇಬ್ರು ಯಾವತ್ತಾದ್ರೂ ಕುರಿ ಕಾದಾರೇನೆ? ನಾನು ದಾರಿ ಹೇಳ್ತೀನಿ, ಸುಮ್ಕಿರು ನೀನು."

ಹಾಗೆಂದವನೇ ದಾರಿ ಹೇಳತೊಡಗಿದ. ಕರೇಗುಂಡೆಂಬ ಬಂಡೆಯ ಹತ್ತಿರ ಎಡಕ್ಕೆ ತಿರುಗಬೇಕು. ಅಲ್ಲಿ ಮುಂದಿನ ಕುರಿ ಗಕ್ಕನೆ ನಿಲ್ಲುತ್ತದೆ, ಅದಕ್ಕೆ ನೀರಿನ ವಾಸನೆ ಬಡಿದಿರುತ್ತದೆ. "ಹೊಡೀಬ್ಯಾಡ್ರಿ, ಅದು ತಾನೇ ಹೋಗ್ತೈತೆ." ಬಂಡೆ ಸಂದಿಯಲ್ಲಿ ಮರಿಗಳನ್ನು ಹೇಗೆ ಕೂಗಿ ದಾಟಿಸಬೇಕೆಂದು ಕೂಗಿಯೇ ತೋರಿಸಿದ. ರೊಪ್ಪದೊಳಗಿನ ಮರಿಗಳು ನಿಜವಾಗಿಯೂ ಕರೆದರೆಂದು ತಿಳಿದು ಅರಚಿದವು. ಅದೂ ಹೇಳಿಕೆಯಲ್ಲಿ ಸೇರಿಕೊಂಡಿದೆ. ಕೊನೆಗೆ, "ಈ ದಾರಿ ಮುಚ್ಚಾಕೆ ನನ್ನ ಒಪ್ಪಿಗೆ ಇಲ್ಲ. ಇಲ್ಲ ಅಂದ್ರೆ ಇಲ್ಲ," ಎಂದು ಎರಡು ಸಲ ಕೆಮ್ಮಿ ಮುಗಿಸಿದ. ಆಮೇಲೆ ಆಪರೇಷನ್ ಆಯಿತು. ಆಸ್ಪತ್ರೆಯ ಗದ್ದಲದಲ್ಲಿ ಆ ಫೋನೂ ಕಳೆದುಹೋಯಿತು.

3. ಅದೃಷ್ಟಕ್ಕೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅರ್ಜಿದಾರಳು ಶಾಖೆಗೆ ಹೋಗಿ ಹೇಳಿಕೆ ಸಲ್ಲಿಸಿದ್ದಳು. ಆಪರೇಟರ್ ಅಂಜನ್ ಕೆಟ್ಟವನಲ್ಲ. ಕೂರಿಸಿದ, ನೀರು ಕೊಟ್ಟ, ಫೋನಿನಿಂದ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡ.

"ಅಕ್ಕ, ಈ ಪೋರ್ಟಲ್ ಪಿಡಿಎಫ್ ಬಿಟ್ರೆ ಬ್ಯಾರೆ ಏನೂ ತಗಳಲ್ಲ."

"ಮಾತಾಡಿ ಕೊಡ್ರಿ ಅಂತ ಗ್ವಾಡೆ ಮ್ಯಾಲೆ ಅಂಟಿಸೀರಲ್ಲಪ್ಪ?"

"ಅಂಟಿಸಿದೋರು ಬ್ಯಾರೆ, ಪೋರ್ಟಲ್ ಮಾಡಿದೋರು ಬ್ಯಾರೆ. ಇರಕ್ಕ, ನಾನೊಂದು ಐಡಿಯಾ ಮಾಡ್ತೀನಿ."

ಐಡಿಯಾ ಏನೆಂದರೆ, ಕಡತದ ಹೆಸರಿನಲ್ಲಿ ಚುಕ್ಕಿಯ ನಂತರ ಇದ್ದ ಬಾಲವನ್ನು ಅಳಿಸಿ, ಅಲ್ಲಿ ಪಿಡಿಎಫ್ ಎಂದು ಕುಟ್ಟಿದ್ದು. ಬಾಲ ಬದಲಿಸಿದರೆ ಕಡತ ಕೆಲಸಕ್ಕೆ ಬಾರದೆ ಹೋಗಬಹುದು, ಖಚಿತವೇ ಎಂದು ತಾವು ಆಗ ಕೇಳಿದ್ದೀರಿ. ಈ ಇಡೀ ಪ್ರಕರಣದಲ್ಲಿ ಯಾರಾದರೂ ಯಾರನ್ನಾದರೂ ಎಚ್ಚರಿಸಿದ್ದು ಅದೊಂದೇ ಸಲ, ಅದಕ್ಕಾಗಿ ಅರ್ಜಿದಾರಳು ಕೃತಜ್ಞಳು. ಅಂಜನ್ ಹೌದು ಎಂದು ಒತ್ತಿದ. ಪೋರ್ಟಲಿನಲ್ಲಿ ಹಸಿರು ಗುರುತು ಬಿತ್ತು. "ತಗಂತು ನೋಡಕ್ಕ!" ಎಂದ.

4. ವಿಚಾರಣೆಯ ದಿನ ಮಲ್ಲಿಕಾರ್ಜುನಪ್ಪನವರು ಸದರಿ ಕಡತದ ಮೇಲೆ ಕ್ಲಿಕ್ಕಿಸಿದರು. ತಾವು ಬಾಲ ನೋಡಿದಿರಿ, ಪಿಡಿಎಫ್ ತೆರೆಯುವ ಪ್ರೋಗ್ರಾಮಿಗೆ ಒಪ್ಪಿಸಿದಿರಿ. ಅದು, ಕಡತ ಹಾಳಾಗಿದೆ ಎಂದಿತು. ಸಾಹೇಬರು ಅಷ್ಟಕ್ಕೆ ಬಿಡುವವರಲ್ಲ. ಮೌಸಿನ ಬಲಗುಂಡಿ ಒತ್ತಿ, ಬೇರೆ ಯಾವುದರಲ್ಲಿ ತೆರೆಯಲಿ ಎಂಬ ಪಟ್ಟಿಯಿಂದ ಬರಿಯ ಅಕ್ಷರ ತೋರಿಸುವ ನೋಟ್‌ಪ್ಯಾಡ್ ಆರಿಸಿದರು. ಅದರ ಕೆಳಗೊಂದು ಸಣ್ಣ ಚೌಕವಿತ್ತು: ಇನ್ನು ಮುಂದೆ ಇಂಥ ಕಡತಗಳನ್ನು ಸದಾ ಇದರಲ್ಲೇ ತೆರೆ. ಸರ್ಕಾರಿ ಕೈ, ಖಾಲಿ ಚೌಕ ಕಂಡರೆ ಸುಮ್ಮನಿರದು. ಗುರುತು ಹಾಕಿದರು.

ಪರದೆ ತುಂಬ ಎಂದೂ ಯಾರೂ ಉಚ್ಚರಿಸದ ಅಕ್ಷರಗಳು, ಚೌಕಗಳು, ಕೊಕ್ಕೆಗಳು ಸುರಿದವು.

"ಬಂತಲ್ಲೋ ಅಂಜನ್, ಅಕ್ಷರ! ತೆಗಿ ಪ್ರಿಂಟು."

ಪ್ರಿಂಟು ತೆಗೆಯಲಾಯಿತು. ಕಟ್ಟು ಕಟ್ಟಿ, "ಬೋರಯ್ಯನವರ ಹೇಳಿಕೆ" ಎಂದು ಬರೆದು ಮೊಹರು ಒತ್ತಲಾಯಿತು.

5. ಇದು ಯಾವ ಭಾಷೆ ಎಂಬ ಪ್ರಶ್ನೆ ಎದ್ದಿತು. ಕುರಿ ಕಾಯುವವರು ಗಡಿ ದಾಟಿ ಆಂಧ್ರದ ಕಡೆಗೂ ಹೋಗುತ್ತಾರೆ, ಆದ್ದರಿಂದ ತೆಲುಗು ಇರಬೇಕೆಂದು ಸಾಹೇಬರು ತರ್ಕಿಸಿದರು. ಕಾರಣ, ಕಟ್ಟನ್ನು ಮೊಳಕಾಲ್ಮೂರಿನಲ್ಲಿರುವ ತೆಲುಗು ಬಲ್ಲ ಗುಮಾಸ್ತ ಪಾತಣ್ಣನಿಗೆ ಕಳಿಸಿದರು. ಪಾತಣ್ಣ ಫೋನು ಮಾಡಿದ.

"ಇದಿ ತೆಲುಗು ಕಾದು ಸಾರ್. ನಮ್ಮವ್ವನಾಣೆ ತೆಲುಗಲ್ಲ."

"ಸರಿಯಾಗಿ ನೋಡೋ. ಹಳೇ ತೆಲುಗು ಇರಬೋದು."

"ಎಷ್ಟೇ ಹಳೇದಾಗ್ಲಿ ಸಾರ್, ಬಾಯಿ ಇರೋ ಮನುಷ್ಯ ಆಡೋ ಮಾತಲ್ಲ ಇದು."

"ಬರೆದು ಕಳಿಸು."

ಪಾತಣ್ಣ ಬರೆದು ಕಳಿಸಿದ. ಅದರ ಆಧಾರದ ಮೇಲೆ ಉಲ್ಲೇಖ ಎರಡರ ಹಿಂಬರಹ ಹೊರಬಿತ್ತು; ಕಟ್ಟನ್ನೂ ಪಾತಣ್ಣನ ಬರಹವನ್ನೂ ಅದಕ್ಕೆ ಲಗತ್ತಿಸಿ ಅರ್ಜಿದಾರಳಿಗೆ ಕಳಿಸಲಾಯಿತು. ಬರೆಯಲು ಬಾರದ ಬೋರಯ್ಯನಿಗೆ ಮಾತಾಡು ಎಂದದ್ದು ಶಾಖೆ. ಆಡಿದ ಮಾತನ್ನು ಓದಲು ಹೋದದ್ದು ಶಾಖೆ. ಓದಲಾಗಲಿಲ್ಲವೆಂದು ಬೋರಯ್ಯನನ್ನು ಒಪ್ಪಿಗೆ ಕೊಟ್ಟವರ ಸಾಲಿಗೆ ಸೇರಿಸಿದ್ದೂ ಶಾಖೆ. ಇದರಲ್ಲಿ ಬೋರಯ್ಯ ಮಾಡಿದ ತಪ್ಪನ್ನು ಅರ್ಜಿದಾರಳು ಹುಡುಕುತ್ತಲೇ ಇದ್ದಾಳೆ.

6. ಅರ್ಜಿದಾರಳು ಗಂಡನನ್ನು ಕರೆದುಕೊಂಡು ಶಾಖೆಗೆ ಹೋದಳು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ಬೋರಯ್ಯ, ಒಪ್ಪಿಗೆ ಇಲ್ಲವೆಂದು ಸಾಹೇಬರ ಎದುರು ಕೈಯಾಡಿಸಿ ತೋರಿಸಿದನು. "ಕೈಸನ್ನೆ ತಗಳಾಕೆ ನಿಯಮ ಇಲ್ಲಮ್ಮ," ಎಂದರು ಸಾಹೇಬರು. ಉಲ್ಲೇಖ ಮೂರರ ಆದೇಶವಾದದ್ದು ಆಗಲೇ. ಅಂಜನ್ ಮಾತ್ರ ಹಿಂದಿನಿಂದ ಓಡಿ ಬಂದು, ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಕೈಗಿಟ್ಟ. "ಬಸ್ ಸ್ಟ್ಯಾಂಡ್ ಹತ್ರ ಶಿವರಂಜನಿ ಮೇಡಂ ಅಂಗ್ಡಿ ಐತೆ, ತೋರಿಸಕ್ಕ," ಎಂದ. ಮಾರನೇ ದಿನವೇ ಅವನಿಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಎರಡಕ್ಕೂ ಸಂಬಂಧವಿಲ್ಲವೆಂದು ಶಾಖೆ ತಿಳಿಸಿದೆ.

7. ಶಿವರಂಜನಿ ಜೆರಾಕ್ಸು, ಟೈಪಿಂಗು ಅಂಗಡಿ ಇಟ್ಟವರು. ಮೊಹರು ಬಿದ್ದ ಕಟ್ಟು ನೋಡಿ ಮೊದಲು ನಕ್ಕರು, ಬೋರಯ್ಯನ ಕುತ್ತಿಗೆ ನೋಡಿ ನಗು ನಿಲ್ಲಿಸಿದರು.

"ಅಕ್ಕ, ಕಂಪ್ಯೂಟರ್‌ಗೆ ಒಂದು ಪಟ್ಟಿ ಇರ್ತೈತೆ. ಈ ಬಾಲ ಇದ್ರೆ ಈ ಪ್ರೋಗ್ರಾಂ, ಆ ಬಾಲ ಇದ್ರೆ ಆ ಪ್ರೋಗ್ರಾಂ. ಕ್ಲಿಕ್ ಮಾಡ್ದಾಗ ಬಾಲ ನೋಡ್ತೈತೆ, ಪಟ್ಟಿ ನೋಡ್ತೈತೆ, ತಗಂಡೋಗಿ ಬಿಡ್ತೈತೆ."

"ಒಳಗೇನೈತೆ ಅಂತ ನೋಡಲ್ವ?"

"ನೋಡೋವೂ ಅದಾವೆ. ಶಾಖೇದು ನೋಡಲ್ಲ." ಅವರು ಪ್ರಿಂಟಿನ ಮೊದಲ ಸಾಲಿಗೆ ಬೆರಳಿಟ್ಟರು. ಕೊಕ್ಕೆಗಳ ನಡುವೆ ಅಲ್ಲಿ ಎ, ಎಂ, ಆರ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಸ್ವಚ್ಛವಾಗಿ ಕೂತಿದ್ದವು. "ಗುಂಡಿ ಫೋನು ಧ್ವನಿ ಇಡೋ ಬಗೆಗೆ ಇದೇ ಹೆಸರು. ನಾನು ಧ್ವನಿ ಅಂತ ಮೊದಲ್ನೇ ಸಾಲಿನಾಗೇ ಹೇಳ್ಕಂಡೈತೆ ಪಾಪ."

ಅರ್ಜಿದಾರಳಿಗೆ ಇದು ಅರ್ಥವಾಗಲು ತಡವಾಗಲಿಲ್ಲ. ಸಂಜೆ ರೊಪ್ಪದಲ್ಲಿ ಮರಿಗಳನ್ನು ತಾಯಿಗೆ ಬಿಡುವುದು ಆಕೆಯ ಕೆಲಸ. ಮರಿ ಸತ್ತ ಕುರಿ ತಬ್ಬಲಿ ಮರಿಯನ್ನು ಹತ್ತಿರ ಸೇರಿಸುವುದಿಲ್ಲ. ಆಗ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಹೊದಿಸಿ ಬಿಡುತ್ತಾರೆ. ಕುರಿ ಮೂಸಿ ನೋಡಿ, ತನ್ನದೇ ಎಂದು ಮೊಲೆ ಕೊಡುತ್ತದೆ.

"ಅಂಜನ್ ಚರ್ಮ ಹೊದ್ಸಿದ ಅನ್ನು," ಎಂದಳು. "ಆದ್ರೆ ಚರ್ಮ ಹೊದ್ಸೋದು ಹಾಲು ಇರೋ ಕುರಿ ತಾವ ಬಿಡಾಕೆ. ಇವ್ನು ಟಗರಿನ ಹತ್ರ ಬಿಟ್ಟವ್ನೆ."

ಶಿವರಂಜನಿ ಹಳೆಯ ಬಾಲ ಅಂಟಿಸಿ ಕ್ಲಿಕ್ಕಿಸಿದರು. ಅಂಗಡಿಯ ಸ್ಪೀಕರಿನಿಂದ, "ಸಾಹೇಬ್ರು ಯಾವತ್ತಾದ್ರೂ ಕುರಿ ಕಾದಾರೇನೆ?" ಎಂಬ ಮಾತು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಜೆರಾಕ್ಸಿಗೆ ನಿಂತವರು ತಿರುಗಿ ನೋಡಿದರು. ಬೋರಯ್ಯ ಸ್ಟೂಲಿನ ಮೇಲೆ ಕೂತು, ತನ್ನ ಮಾತಿಗೆ ತಾನೇ ತುಟಿ ಆಡಿಸುತ್ತ ಕೊನೆಯವರೆಗೂ ಕೇಳಿದ. ಮುಗಿದಾಗ ಶಿವರಂಜನಿಯ ಕಡೆಗೆ ಒಂದು ಬೆರಳು ತೋರಿಸಿದ. ಇನ್ನೊಂದು ಸಲ.

8. ಸರಿಯಾದ ಬಾಲದ ಪ್ರತಿಯನ್ನು ಶಾಖೆಗೆ ಒಯ್ದಾಗ ಸಾಹೇಬರು, "ಇದು ನಿನ್ನ ಕಾಪಿ. ಪೋರ್ಟಲ್‌ನಾಗೆ ಇರೋದೇ ಹೇಳಿಕೆ. ಅವಧಿ ಮುಗೀತು, ಆದೇಶ ಆಗೈತೆ," ಎಂದರು. ದಾರಿ ಮುಚ್ಚುವ ಆದೇಶವನ್ನು ಮೇಲಿನವರು ಪಿಡಿಎಫ್ ಆಗಿ ಕಳಿಸಿದ್ದರು. ಬೇಲಿ ಗುತ್ತಿಗೆಯ ಮುರುಗೇಶ್, ಕಲ್ಲುಕಂಬದ ಟ್ರ್ಯಾಕ್ಟರನ್ನು ಹೊರಗೆ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಎಲ್ಲಿಂದ ಎಲ್ಲೀಗಂಟ ಬೇಲಿ ಅಂತ ಆದೇಶ ಕೊಡ್ರಿ ಸಾರ್, ಹಾಕಿ ಕೈ ತೊಳ್ಕಂತೀನಿ."

ಸಾಹೇಬರು ಕ್ಲಿಕ್ಕಿಸಿದರು. ಚೌಕದ ಗುರುತು ತಾವು ಮರೆತಿರಲಿಲ್ಲ. ಪಿಡಿಎಫ್ ಬಾಲ ಕಂಡ ಕೂಡಲೇ ನೋಟ್‌ಪ್ಯಾಡಿಗೆ ಒಪ್ಪಿಸಿದಿರಿ. ಪರದೆ ತುಂಬ ಚೌಕಗಳು, ಕೊಕ್ಕೆಗಳು.

"ಏನ್ ಸಾರ್ ಇದು, ತೆಲುಗಾ?" ಎಂದ ಮುರುಗೇಶ್.

ಸಾಹೇಬರು ಇನ್ನೊಂದು ಸಲ ಕ್ಲಿಕ್ಕಿಸಿದರು, ಅವೇ ಕೊಕ್ಕೆಗಳು ಬಂದವು. ಆ ಗುರುತು ತೆಗೆಯಲು ಬಲ್ಲ ಅಂಜನ್ ಮೊಳಕಾಲ್ಮೂರಿನಲ್ಲಿದ್ದಾನೆ, ಅವನಿಗೆ ಫೋನು ಮಾಡಲು ಸಾಹೇಬರ ಅಂತಸ್ತು ಒಪ್ಪುತ್ತಿಲ್ಲ. ಆದ್ದರಿಂದ ಅಂದಿನಿಂದ ಶಾಖೆಗೆ ಬಂದ ಆದೇಶ, ಜ್ಞಾಪನ, ಸುತ್ತೋಲೆ ಯಾವುದನ್ನೂ ಆ ಕಂಪ್ಯೂಟರಿನಲ್ಲಿ ಯಾರೂ ಓದಿಲ್ಲ. ಕಚೇರಿ ಎಂದಿನಂತೆ ನಡೆಯುತ್ತಿದೆ. ಟ್ರ್ಯಾಕ್ಟರು ಪರಶುರಾಂಪುರಕ್ಕೆ ಈರುಳ್ಳಿ ಹೇರಲು ಹೋಗಿದೆ, ಯಾವಾಗ ಬೇಕಾದರೂ ವಾಪಸ್ ಬರಬಹುದು.

9. ಈ ಅರ್ಜಿಯನ್ನು ಶಿವರಂಜನಿಯವರು ಬರಿಯ ಅಕ್ಷರದ ಕಡತವಾಗಿ ಟೈಪಿಸಿ, ಬಾಲಕ್ಕೆ ಮಾತ್ರ ಪಿಡಿಎಫ್ ಎಂದು ಅಂಟಿಸಿದ್ದಾರೆ. ಕಾರಣ, ಪೋರ್ಟಲ್ ಇದನ್ನು ತೆಗೆದುಕೊಳ್ಳುತ್ತದೆ. ಕಾರಣ, ತಾವು ಇದನ್ನು ನೋಟ್‌ಪ್ಯಾಡಿನಲ್ಲೇ ತೆರೆಯುತ್ತೀರಿ. ಕಾರಣ, ಇದರ ಒಂದೊಂದು ಅಕ್ಷರವೂ ಇದ್ದಂತೆಯೇ ಕಾಣುತ್ತದೆ.

ಆದ್ದರಿಂದ ಪ್ರಾರ್ಥಿಸುವುದೇನೆಂದರೆ:

ಅ) ಪೋರ್ಟಲಿನಲ್ಲಿರುವ ಬೋರಯ್ಯನ ಹೇಳಿಕೆಗೆ ಅದರ ಸ್ವಂತ ಬಾಲವನ್ನು ಹಿಂದಿರುಗಿಸಿ, ಧ್ವನಿ ನುಡಿಸುವ ಪ್ರೋಗ್ರಾಮಿಗೆ ಬಿಡುವುದು. ಕಚೇರಿಯ ವೇಳೆಯಲ್ಲಿ, ಸಾಹೇಬರು ಕುರ್ಚಿಯಲ್ಲಿರುವಾಗ, ದೊಡ್ಡ ದನಿಯಲ್ಲಿ ನುಡಿಸುವುದು.

ಆ) ಬಾಲ ನೋಡಿ ತೀರ್ಮಾನಿಸುವ ಪದ್ಧತಿ ತಮ್ಮದೋ, ತಮ್ಮನ್ನು ನೋಡಿ ಶಾಖೆ ಕಲಿತದ್ದೋ, ಅಥವಾ ಶಾಖೆಯನ್ನು ನೋಡಿ ತಾವು ಕಲಿತದ್ದೋ, ಸ್ಪಷ್ಟಪಡಿಸುವುದು.

ಇ) ಉಳಿದ ಪಿಡಿಎಫ್‌ಗಳ ವಿಷಯದಲ್ಲಿ ಮಲ್ಲಿಕಾರ್ಜುನಪ್ಪನವರು ಹಾಕಿದ ಗುರುತನ್ನು ಗೌರವಿಸಿ ಯಥಾಸ್ಥಿತಿ ಕಾಪಾಡುವುದು.

ತಮ್ಮ ಪಟ್ಟಿಯಲ್ಲಿ ಯಾವ ಬಾಲಕ್ಕೂ ಸೇರದ, ಆದರೂ ತಮ್ಮ ವಿಶ್ವಾಸಿ,

ಮುದ್ದಕ್ಕ (ಎಡಗೈ ಹೆಬ್ಬೆಟ್ಟು)
ಒಪ್ಪಿಗೆ ಇಲ್ಲದವನು: ಬೋರಯ್ಯ (ಎಡಗೈ ಹೆಬ್ಬೆಟ್ಟು)

ಲಗತ್ತುಗಳು:
1) ಬೋರಯ್ಯನ ಹೇಳಿಕೆ ಎಂದು ಮೊಹರಾದ ಕಟ್ಟು.
2) ಬೋರಯ್ಯನ ಹೇಳಿಕೆ.
3) ಸದರಿ ಕಟ್ಟು ತೆಲುಗಲ್ಲ ಎಂಬ ಬಗ್ಗೆ ಪಾತಣ್ಣನವರ ಲಿಖಿತ ಅಭಿಪ್ರಾಯ.

ವಿಶೇಷ ಸೂಚನೆ: ಸದ್ಯ ಶಾಖೆಯ ಕಂಪ್ಯೂಟರಿನಲ್ಲಿ ಓದಲು ಬರುವ ಪಿಡಿಎಫ್ ಇದೊಂದೇ ಆಗಿರುವ ಕಾರಣ, ಇದನ್ನೇ ಆದೇಶವೆಂದು ಪರಿಗಣಿಸಿ, ಹೊಂಡದ ದಾರಿಯನ್ನು ಕುರಿಗಳಿಗೆ ತೆರೆದಿಡಲಾಗಿದೆ ಎಂದು ಮುರುಗೇಶನಿಗೆ ಪ್ರಿಂಟು ಕೊಡುವುದು.