ಅಕ್ಕನ ಮಾಳಿಗೆಯ ಮೇಲೆ ಕಾದ ಮಳೆನೀರು

ಮೇಷ್ಟ್ರುಗಳಿಗೆ ಒಂದು ಕಾಯಿಲೆಯಿದೆ: ಯಾರೂ ಪ್ರಶ್ನೆ ಕೇಳದಿದ್ದರೂ ಉತ್ತರ ಹೇಳುವುದು. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನನ್ನನ್ನು ಇದು ಮದುವೆಯೂಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಪಕ್ಕದವರು ಹಪ್ಪಳ ಮುರಿದರೆ ಅದೇಕೆ ಸದ್ದು ಮಾಡಿತೆಂದು ವಿವರಿಸುತ್ತೇನೆ. ಅವರು ಪಾಯಸಕ್ಕೂ ಕಾಯದೆ ಏಳುತ್ತಾರೆ. ಎದ್ದುಹೋಗಲು ದಾರಿಯಿಲ್ಲದವಳು ಒಬ್ಬಳೇ, ಸಿರುಗುಪ್ಪದಿಂದ ನನ್ನನ್ನು ನಂಬಿ ಬಂದ ಹೆಂಡತಿ ಶಾರದಾ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕುರುಗೋಡಿನಿಂದ ಅಕ್ಕನ ಫೋನು ಬಂತು. ಮೊಮ್ಮಗಳು ಚಿನ್ನಿಗೆ ಮತ್ತೆ ವಾಂತಿ, ಭೇದಿ. ಕೂಸು ಕಡ್ಡಿಯಾಗಿತ್ತು. ನೀರಿನದೇ ದೋಷ ಎಂದಿದ್ದರಂತೆ ಡಾಕ್ಟರು. ಬೋರಿನ ನೀರು ಉಪ್ಪೆಂದು ಅಕ್ಕನ ಮನೆಯವರು ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಹಿಡಿದು ಕುಡಿಯುತ್ತಿದ್ದರು. ಆ ಮಾಳಿಗೆಯ ಮೇಲೆ ಅವರಿಗಿಂತ ಪಾರಿವಾಳಗಳ ಹಕ್ಕೇ ಹೆಚ್ಚು.

"ಕುದಿಸಿ ಕುಡೀರಿ ಅಂದಾರಪಾ. ಇಡೀ ಮನಿಗಿ ದಿನಾ ಕುದಿಸಿದ್ರ ಸಿಲಿಂಡರ್ ಎಲ್ಲೀತನ ಬರ್ತತಿ?" ಎಂದಳು ಅಕ್ಕ.

"ಸದ್ಯಕ್ಕ ಕೂಸಿಗಷ್ಟು ಕುದಿಸಿ ಕೊಡು. ನಾ ಬರ್ತೀನಿ. ಬಿಸಿಲು ಐತೆಲ್ಲಕ್ಕಾ!" ಎಂದೆ. ನಮ್ಮ ಜಿಲ್ಲೆಯಲ್ಲಿ ಬಿಸಿಲಿದೆ ಎಂದು ಇಷ್ಟು ಸಂತೋಷಪಟ್ಟ ಮೊದಲ ಮನುಷ್ಯ ನಾನೇ ಇರಬೇಕು.

ಒಳಗೆ ಕಪ್ಪು ಬಳಿದು, ಮೇಲೆ ಗಾಜಿನ ಮುಚ್ಚಳ ಕೂರಿಸಿ ಒಂದು ಮರದ ಪೆಟ್ಟಿಗೆ ಮಾಡಿಸಿದೆ. ಅದರೊಳಗೆ ಕಪ್ಪು ಪಾತ್ರೆಯಲ್ಲಿ ಸೋಸಿದ ನೀರಿಟ್ಟು ಬಿಸಿಲಿಗೆ ಹಿಡಿದರೆ ಸಾಕು, ಕುದಿಯಲೇಬೇಕೆಂದಿಲ್ಲ. ಅರವತ್ತೈದು ಡಿಗ್ರಿ ದಾಟಿ ಅರ್ಧ ಗಂಟೆಗೂ ಮಿಕ್ಕಿ ನಿಂತರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಕುರುಗೋಡಿನ ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿತ್ತು. "ಏನ್ರಿ ಸರ ಇದು?" ಎಂದರು ಕಂಡಕ್ಟರು. "ಬ್ಯಾಕ್ಟೀರಿಯಾ ಕೊಲ್ಲೋ ಪೆಟ್ಟಿಗಿ." "ಸತ್ತಾವೇನ್ರಿ?" "ಇನ್ನಾ ಇಲ್ಲ." ಪಕ್ಕದ ಸೀಟಿನವರು ಎದ್ದು ಹಿಂದೆ ಹೋಗಿ ನಿಂತರು.

ಮಾಳಿಗೆ ಗುಡಿಸಿ, ಪಾರಿವಾಳಗಳನ್ನು ಓಡಿಸಿ, ಪೆಟ್ಟಿಗೆಯನ್ನು ಸೂರ್ಯನತ್ತ ತಿರುಗಿಸುತ್ತ ಮಧ್ಯಾಹ್ನವೆಲ್ಲ ಕೂತೆ. ಅಕ್ಕ ಮೇಲೆ ಬಂದು, "ಲೇ ತಮ್ಮಾ, ನೀರಿಗಿಂತ ನೀನ ಹೆಚ್ಚು ಕಾದೀಯಲ್ಲೋ" ಎಂದಳು. ಥರ್ಮಾಮೀಟರ್ ಶಾಲೆಯಲ್ಲೇ ಮರೆತಿದ್ದೆ. ಕಾದಿದೆಯೇ ಎಂದು ಒಮ್ಮೆ ಬೆರಳದ್ದಿ ಸುಟ್ಟುಕೊಂಡೆ. ಆರಿದೆಯೇ ಎಂದು ಮತ್ತೆ ಮತ್ತೆ ಅದ್ದಿದೆ. ಆಮೇಲೆ ಜೊತೆಗೆ ತಂದಿದ್ದ, ಔಷಧಿ ಹಾಕಿದ ನೀರುಪರೀಕ್ಷೆಯ ಸೀಸೆಗೆ ತುಂಬಿಸಿದೆ. ನೀರು ಕೆಟ್ಟಿದ್ದರೆ ಒಂದೆರಡು ದಿನದಲ್ಲಿ ಆ ಸೀಸೆ ಕಪ್ಪಾಗುತ್ತದೆ.

ಮರುದಿನ ಸಂಜೆ ಸೀಸೆ ಕಾಡಿಗೆಯಂತಾಗಿತ್ತು. "ತಾತಾ, ಇದು ಕಾಫಿನಾ?" ಎಂದಳು ಚಿನ್ನಿ. ಅಕ್ಕ ಒಳಗೆ ಹೋಗಿ ಕೂಸಿನ ನೀರನ್ನು ಒಲೆಯ ಮೇಲೆ ಕುದಿಯಲಿಟ್ಟಳು. ನಾನು ಗಾಜನ್ನು ಬೈದೆ, ಮೋಡವನ್ನು ಬೈದೆ, ತೊಟ್ಟಿ ಕಟ್ಟಿದ ಗೌಂಡಿಯನ್ನೂ ಬಿಡಲಿಲ್ಲ. ಊರಿಗೆ ಮರಳುವಾಗ ಬಸ್ಸಿನಲ್ಲಿ ಕೈಯಲ್ಲಿದ್ದ ಮಿರ್ಚಿ ಬಜ್ಜಿ ಬಾಯಿಗೆ ಬರುವ ಮುನ್ನ ಹೊಳೆಯಿತು: ಪಾರಿವಾಳದ ಹಿಕ್ಕೆ ಗುಡಿಸಿ, ಸರಿಯಾಗಿ ತೊಳೆಯದ ಬೆರಳನ್ನೇ ಆರಿದ ನೀರಿಗೆ ಅದ್ದಿದ್ದೆ! ಸೂರ್ಯ ಕೊಂದದ್ದನ್ನು ನಾನೇ ಹೊಸದಾಗಿ ಬಿತ್ತಿದ್ದೆ. ಊಟಕ್ಕೆ ಮುಂಚೆ ಕೈ ತೊಳೆಯಿರಿ ಎಂದು ವರ್ಷವರ್ಷವೂ ಮಕ್ಕಳಿಂದ ಬರೆಸುವವನು ನಾನೇ. ಮಿರ್ಚಿಯನ್ನು ಕಿಟಕಿಯಾಚೆ ಎಸೆದೆ.

ಮುಂದಿನ ಭಾನುವಾರ ಥರ್ಮಾಮೀಟರ್ ಒಯ್ದೆ, ನಲ್ಲಿಯಿರುವ ಪಾತ್ರೆ ಒಯ್ದೆ. ಮುಚ್ಚಳ ತೆಗೆಯದೆ ಆರಲು ಬಿಟ್ಟು, ನಲ್ಲಿಯಿಂದಲೇ ಸೀಸೆಗೆ ತುಂಬಿಸಿ ಬಳ್ಳಾರಿಗೆ ಮರಳಿದೆ. ಸೀಸೆ ಕಪ್ಪಾಗಲಿಲ್ಲ ಎಂದು ಅಕ್ಕ ಫೋನು ಮಾಡಿದಳು. ಮತ್ತೆರಡು ಸಲ ನೋಡಿದರೂ ಹಾಗೇ ಇತ್ತು. ಆದರೂ ನಾನು ಮತ್ತೆ ಹೋದಾಗ ಮೊದಲ ಲೋಟ ನನ್ನ ಮುಂದೆಯೇ ಇಟ್ಟಳು. "ಸಾಲೀ ಮಾಸ್ತರ ಮೊದಲ ಕುಡೀಲಿ." ಕುಡಿದೆ. ಆ ರಾತ್ರಿ ಹೊಟ್ಟೆ ಗುಡುಗುಟ್ಟಿತು. ಅದು ಅಕ್ಕನ ಬದನೆಕಾಯಿ ಪಲ್ಯದ್ದು ಎಂದು ಈಗಲೂ ವಾದಿಸುತ್ತೇನೆ.

ತಿಂಗಳು ಕಳೆಯುವಷ್ಟರಲ್ಲಿ ಚಿನ್ನಿಯ ಕೆನ್ನೆ ತುಂಬಿತು. ಅಂಗನವಾಡಿಯಲ್ಲಿ ಯಾರನ್ನೋ ಕಚ್ಚಿದಳೆಂದು ದೂರು ಬಂದಾಗ ಅಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಓಣಿಯಲ್ಲಿ ಇನ್ನೆರಡು ಪೆಟ್ಟಿಗೆ ಎದ್ದವು. ನಾನು ಬಳ್ಳಾರಿಯಲ್ಲಿ ಶಾರದಾಳ ಮುಂದೆ ಕೂತು ಸೂರ್ಯಶಕ್ತಿ, ಮಳೆಕೊಯ್ಲು ಎಂದು ಶುರುಮಾಡಿದೆ. ಅವಳು ಪೂರ್ತಿ ಕೇಳಿದಳು.

"ಎಲ್ಲಾ ಖರೇರಿ. ನಮ್ಮ ಮಾಳಿಗಿ ಮಳಿನೀರು ಎಲ್ಲಿ ಹೋಗ್ತತಿ?"

ಪೈಪಿನಿಂದ ನೇರ ರಸ್ತೆಗೆ ಹೋಗಿ, ಎದುರುಮನೆಯವರ ಸ್ಕೂಟರ್ ತೊಳೆಯುತ್ತದೆ. ಎದ್ದುಹೋಗಿ, ಅಂಗಡಿಯಿಂದ ತರಿಸಿದ ಕ್ಯಾನ್ ಬಗ್ಗಿಸಿ ಒಂದು ಲೋಟ ನೀರು ಕುಡಿದೆ.