ತಂಬಿನ ನಾಲ್ಕು ಬಣ್ಣದ ಹಾಳೆಗಳು

ಬಣ್ಣದ ಜೊತೆ ಕೆಲಸ ಮಾಡುವವನು ಒಂದಲ್ಲ ಒಂದು ದಿನ ಅದನ್ನು ಮುಖಕ್ಕೆ ಬಳಿದುಕೊಳ್ಳಲೇಬೇಕು. ನಾನಂತೂ ಊರೂರಲ್ಲೂ ಬಳಿದುಕೊಂಡವನು.

ನಿಜಾಮರ ಆಡಳಿತ ಮುಗಿದು ಒಂದೆರಡು ವರ್ಷವಾಗಿತ್ತು. ನಾನು ಟೂರಿಂಗ್ ಟಾಕೀಸಿನಲ್ಲಿ ಮಷೀನು ನಡೆಸುವ ಆಪರೇಟರ್. ನಮ್ಮ ತಂಬು ಸಿಂಧನೂರಿನಲ್ಲಿ ಕೆಲವು ವಾರ, ಲಿಂಗಸುಗೂರಿನಲ್ಲಿ ಕೆಲವು ವಾರ ಇದ್ದು, ಆಮೇಲೆ ಮಸ್ಕಿಗೆ ಹೋಗುತ್ತಿತ್ತು. ಚಿತ್ರಗಳೆಲ್ಲ ಕಪ್ಪು ಬಿಳುಪು. ನಮ್ಮ ಮಾಲಕರು ಹೈದರಾಬಾದಿಗೆ ಹೋದವರು ಅಲ್ಲೊಂದು ಬಣ್ಣದ ಚಿತ್ರ ನೋಡಿ ಬಂದರು. ಬಂದವರೇ ಕೈಯಲ್ಲಿದ್ದ ಸುರುಳಿ ಬಿಚ್ಚಿದರು. ಒಳಗೆ ಬೆಳಕು ಹಾಯುವಂಥ ನಾಲ್ಕು ಜಿಲೆಟಿನ್ ಹಾಳೆಗಳು: ಕೆಂಪು, ಹಳದಿ, ನೀಲಿ, ಹಸಿರು.

“ಮಷೀನಿನ ಮುಂದ ಇವನ್ನ ಹಿಡಿ. ರಾತ್ರಿ ಸೀನಿಗೆ ನೀಲಿ, ಬಿಸಿಲಿಗೆ ಹಳದಿ, ತ್ವಾಟಕ್ಕ ಹಸಿರು, ಬಡದಾಟಕ್ಕ ಕೆಂಪು. ನಾಳಿಂದ ನಮ್ದೂ ಕಲರ್ ಪಿಕ್ಚರ್,” ಅಂದರು.

ಬೇರೆ ಹೊತ್ತಾಗಿದ್ದರೆ ಜನ ಬೈದರೆ ಬೈಯಲಿ ಎಂದು ನಾನು ಸುಮ್ಮನಿರುತ್ತಿದ್ದೆ. ಆದರೆ ಆಗ ನನ್ನ ಮದುವೆಯ ಮಾತು ನಡೆದಿತ್ತು. ಹುಡುಗಿ ಮಸ್ಕಿಯ ಜವಳಿ ಸಾವಕಾರರ ಮಗಳು. ಒಮ್ಮೆ ನೋಡಿದ್ದೆ, ಆಮೇಲೆ ಬೇರೆ ಯಾರನ್ನೂ ನೋಡುವ ಮನಸ್ಸಾಗಿರಲಿಲ್ಲ. ಸಾವಕಾರರು ಮಾತ್ರ ಅಡ್ಡ ನಿಂತಿದ್ದರು.

“ತಂಬು ಇವತ್ತು ಇಲ್ಲಿ, ನಾಳಿ ಅಲ್ಲಿ. ಮಗಳನ್ನ ಕೊಟ್ಟು ಎಲ್ಲಿ ಅಂತ ಹುಡುಕ್ಲಿ? ನಿಮ್ಮ ತಂಬು ಮಸ್ಕಿಗೆ ಬರ್ಲಿ. ನಿನ್ನ ಕೆಲಸ ನೋಡಿ ಹೇಳ್ತೀನಿ,” ಅಂದಿದ್ದರು.

ಹಾಗಾಗಿ ಎಲ್ಲಿ ಎಡವಟ್ಟಾದರೂ, ಸುದ್ದಿ ಮಸ್ಕಿಗೆ ಮುಟ್ಟೀತೆಂದು ನನ್ನ ಜೀವ ಪುಕುಪುಕು ಅನ್ನುತ್ತಿತ್ತು.

ಸಿಂಧನೂರು: ಕೆಂಪು ಸೀರೆ

ಮೊದಲ ದಿನವೇ ತಂಬು ತುಂಬಿತು. ಚಿತ್ರದಲ್ಲಿ ನಾಯಕಿಯ ಗಂಡ ಸಾಯುತ್ತಾನೆ. ಆಕೆ ಬಿಳಿ ಸೀರೆಯುಟ್ಟು ಅಳುತ್ತ ಕೂತಿರುತ್ತಾಳೆ. ಆಗ ಹಾಳೆ ಹಿಡಿಯುವುದೇ ಬೇಡ. ಆದರೆ ಹಿಂದಿನ ಬಡಿದಾಟಕ್ಕೆ ಹಿಡಿದ ಕೆಂಪು ಹಾಳೆಯನ್ನು ತೆಗೆಯಲು ನಾನು ಮರೆತಿದ್ದೆ.

ಹೆಂಗಸರ ಕಡೆಯಿಂದ ಒಬ್ಬ ಅಜ್ಜಿ ಎದ್ದು ನಿಂತಳು. “ಏ, ಗಂಡನ್ನ ಮಣ್ಣು ಮಾಡಿ ಇನ್ನಾ ಮನೀಗೆ ಬಂದಿಲ್ಲ, ಕೆಂಪು ಸೀರಿ ಉಟ್ಟು ಕುಂತಾಳಲ್ಲೇ ಇಕಿ!”

ತಂಬಿಗೆ ತಂಬೇ ಗುಲ್ಲೆದ್ದಿತು. ಗಾಬರಿಯಲ್ಲಿ ಕೆಂಪು ತೆಗೆದು ಕೈಗೆ ಸಿಕ್ಕ ನೀಲಿ ಹಿಡಿದೆ. ನಾಯಕಿಯ ಮುಖ, ತುಟಿ, ಕೈ ಎಲ್ಲ ನೀಲಿಯಾದವು.

“ಅಯ್ಯೋ ಶಿವನ, ಇಸ ಕುಡದಳ!” ಅಂದಳು ಅದೇ ಅಜ್ಜಿ. ಬೈಯುತ್ತಿದ್ದ ಹೆಂಗಸರೆಲ್ಲ ಈಗ ಸೆರಗು ಬಾಯಿಗಿಟ್ಟು ಅಳತೊಡಗಿದರು. ನಾನು ಹಾಳೆಯನ್ನೇ ಕೆಳಗಿಳಿಸಿದೆ. ನಾಯಕಿ ಮತ್ತೆ ಬೆಳ್ಳಗಾದಳು.

“ಬದುಕಿದಳು!” ಎಂದು ಚಪ್ಪಾಳೆ ಬಿತ್ತು.

ಆಟ ಮುಗಿದ ಮೇಲೆ ಅಜ್ಜಿ ಗೇಟಿನಲ್ಲಿದ್ದ ಮಾಲಕರ ಕೈ ಹಿಡಿದು, “ನಡುವ ಬಂದು ಔಷಧ ಕುಡಿಸಿದವರು ಯಾರಪಾ? ನಮಗ ತೋರಸಲೇ ಇಲ್ಲಲ್ಲ,” ಎಂದು ಕೇಳಿದಳು.

ಲಿಂಗಸುಗೂರು: ಹಕೀಮರ ಗುಳಿಗೆ

ಲಿಂಗಸುಗೂರಿನಲ್ಲಿ ಕಚೇರಿಯ ಮಂದಿ ಜಾಸ್ತಿ, ಕುರ್ಚಿಗಳು ಬೇಗ ತುಂಬುತ್ತಿದ್ದವು. ಅಲ್ಲಿಯ ಹಕೀಮರಿಗೆ ಮಾಲಕರು ಪುಕ್ಕಟೆ ಪಾಸು ಕೊಟ್ಟಿದ್ದರು. ಅವರು ಒಂದೇ ಚಿತ್ರವನ್ನು ದಿನಾ ಬಂದು ನೋಡುವರು. ಯಾವಾಗ ಯಾವ ಬಣ್ಣ ಬರುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಬಿಸಿಲಿನ ದೃಶ್ಯಕ್ಕೆ ಹಳದಿ ಹಿಡಿದಿದ್ದೆ. ಪರದೆಯ ಬೆಳಕು ಮುಂದೆ ಕೂತವರ ಮೇಲೂ ಬಿದ್ದು ಎಲ್ಲರೂ ಹಳದಿಯಾಗಿದ್ದರು. ನೆಲದ ಮೇಲೆ ಕೂತಿದ್ದ ಒಬ್ಬ ಗಾಡಿಯವನು ತನ್ನ ಅಂಗೈ ನೋಡಿಕೊಂಡವನೇ ಎದ್ದು ಹಕೀಮರ ಕುರ್ಚಿಯ ಹತ್ತಿರ ಓಡಿದ.

“ಸಾಹೇಬ್ರ, ಕೈ ನೋಡ್ರಿ, ಉಗುರು ನೋಡ್ರಿ! ನನಗ ಅರಿಶಿಣ ಕಾಮಣಿ ಆಗ್ಯದ!”

ಹಕೀಮರು ನಾಡಿ ಹಿಡಿದು ನೋಡಿದರು. ಜೇಬಿನ ಡಬ್ಬಿಯಿಂದ ಒಂದು ಗುಳಿಗೆ ತೆಗೆದು ಅವನ ಬಾಯಿಗೆ ಹಾಕಿದರು. ಅಷ್ಟರಲ್ಲಿ ಚಿತ್ರದಲ್ಲಿ ರಾತ್ರಿಯಾಯಿತು. ನಾನು ಹಾಳೆ ಬದಲಿಸಿದೆ.

“ಸಾಹೇಬ್ರ, ಹಳದಿ ಹೋತ್ರಿ. ಆದ್ರ ಈಗ ನೀಲಿ ಆಗಾಕತ್ತೀನಿ!”

“ಗುಳಿಗಿ ಕೆಲಸ ಮಾಡಾಕತ್ಯದ,” ಅಂದರು ಹಕೀಮರು. “ಸುಮ್ಮ ಕುಂದ್ರು. ಇನ್ನ ಸ್ವಲ್ಪ ಹೊತ್ತಿಗೆ ಫೈಟಿಂಗ್ ಬರ್ತದ, ಮೈಯಾಗ ರಕ್ತ ಕೂಡ್ತದ.”

ಅವರು ಹೇಳಿದಂತೆಯೇ ಗಾಡಿಯವನು ಕೆಂಪಗಾದ. ಖುಷಿಯಿಂದ ಹಕೀಮರ ಕಾಲು ಮುಟ್ಟಿ ಹೋದ.

ಹಕೀಮರು ಪ್ರತಿ ವಾರ ಮಸ್ಕಿ ಸಂತೆಗೆ ಹೋಗುತ್ತಿದ್ದರು. ಸಾವಕಾರರ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಆಟ ಮುಗಿದೊಡನೆ ನಾನು ಅವರ ಹಿಂದೆ ಓಡಿ, “ಇದನ್ನ ಮಸ್ಕ್ಯಾಗ ಹೇಳಬ್ಯಾಡ್ರಿ ಸಾಹೇಬ್ರ, ನನ್ನ ಮದುವಿ ಮುರೀತದ,” ಎಂದು ಬೇಡಿಕೊಂಡೆ.

“ಹೇಳಂಗಿಲ್ಲ ಬೇಟಾ,” ಅಂದರು. “ಆದ್ರ ಪಿಕ್ಚರ್ ಬದಲಿ ಮಾಡೋದಿದ್ರ ನನಗ ಮದಲ ತಿಳಸು. ನಾ ನೋಡಿ ಗುಳಿಗಿ ಕೊಡಬೇಕಾಗ್ತದ.”

ಮಸ್ಕಿ: ಆಡಿನ ಆಯ್ಕೆ

ತಂಬು ಮಸ್ಕಿಗೆ ಬಂತು. ಮೊದಲ ದಿನ ಮಧ್ಯಾಹ್ನವೇ ಸಾವಕಾರರು ಬಂದು ನನ್ನನ್ನು ಪಕ್ಕಕ್ಕೆ ಕರೆದರು.

“ತಮ್ಮಾ, ಅಂಗಡ್ಯಾಗ ಹಸಿರು ಸೀರಿ ಗಂಟುಗಟ್ಲೆ ತಂದು ಕುಂತೀನಿ. ಯಾರೂ ಮುಟ್ಟವಲ್ರು. ಪಿಕ್ಚರಿನ್ಯಾಗ ಆ ಹುಡುಗಿ ತ್ವಾಟದಾಗ ಹಾಡ್ತಾಳಂತಲ್ಲ, ಆಕಿಗೆ ಚಂದಾಗಿ ಹಸಿರು ಉಡಸು. ಊರ ಹೆಂಗಸರು ನೋಡ್ಲಿ. ನಾ ಮನಿ ಮಂದೀನ್ನೂ ಕರಕೊಂಡು ಬರ್ತೀನಿ. ಆಮ್ಯಾಲ ಮಗಳ ಮಾತು ಆಡೋಣ.”

ಇಷ್ಟೇನಾ ಪರೀಕ್ಷೆ ಎಂದು ನನಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಹಾಳೆಗಳನ್ನು ಒರೆಸಿ ಸ್ವಚ್ಛ ಮಾಡಿ ಚಾಪೆಯ ಮೇಲೆ ಹರಡಿ, ಊಟ ಮಾಡಿ ಬಂದೆ. ಬಂದು ನೋಡಿದರೆ ಒಂದು ಆಡು ಚಾಪೆಯ ಮೇಲೆ ನಿಂತು ಬಾಯಾಡಿಸುತ್ತಿತ್ತು. ಕೆಂಪು ಇತ್ತು, ಹಳದಿ ಇತ್ತು, ನೀಲಿಯೂ ಇತ್ತು. ಹಸಿರನ್ನು ಮಾತ್ರ ಸೊಪ್ಪೆಂದು ತಿಂದು ಮುಗಿಸಿತ್ತು.

ಅಳುವುದೊಂದು ಬಾಕಿ. ಹೈದರಾಬಾದಿನಿಂದ ಬೇರೆ ಹಾಳೆ ತರಿಸುವಷ್ಟು ಹೊತ್ತೆಲ್ಲಿದೆ? ಉಳಿದ ಹಾಳೆಗಳನ್ನೇ ಬಿಸಿಲಿಗೆ ಹಿಡಿದು ಹಿಡಿದು ನೋಡಿದೆ. ಹಳದಿಯ ಮೇಲೆ ನೀಲಿ ಬಂದಾಗ, ಅದೋ, ಹಸಿರು! ಹೋದ ಜೀವ ಬಂತು.

ಸಂಜೆ ಸಾವಕಾರರು ಕುರ್ಚಿಯಲ್ಲಿ ಕೂತರು, ಹುಡುಗಿ ತಾಯಿಯ ಜೊತೆ ಹೆಂಗಸರ ಕಡೆ. ತೋಟದ ಹಾಡು ಶುರುವಾಯಿತು. ಎರಡು ಹಾಳೆ ಕೂಡಿಸಿ ಹಿಡಿದೆ. ಹುಡುಗಿ ಎಲ್ಲಿ ಕೂತಿದ್ದಾಳೆಂದು ಕಿಂಡಿಯಿಂದ ಇಣುಕುವಷ್ಟರಲ್ಲಿ ಹಾಳೆಗಳು ಜಾರಿದವು. ಪರದೆಯ ಎಡಗಡೆ ನೀಲಿ, ಬಲಗಡೆ ಹಳದಿ, ಒಂದರ ಮೇಲೊಂದು ಉಳಿದ ನಡುವಿನಲ್ಲಷ್ಟೇ ಹಸಿರು. ನಾಯಕಿ ಹಾಡುತ್ತ ಎಡದಿಂದ ಬಲಕ್ಕೆ ನಡೆದಳು. ನೀಲಿ ಸೀರೆ ಹಸಿರಾಯಿತು, ಹಸಿರು ಹಳದಿಯಾಯಿತು. ತಿರುಗಿ ಬಂದಳು, ಮತ್ತೆ ಹಸಿರಾಗಿ ನೀಲಿಯಾಯಿತು. ಹೆಂಗಸರು ಉಸಿರು ಬಿಗಿಹಿಡಿದು ನೋಡಿದರು.

ಮರುದಿನ ಬೆಳಿಗ್ಗೆ ಸಾವಕಾರರ ಅಂಗಡಿಯ ಮುಂದೆ ಜಾತ್ರೆಯಷ್ಟು ಮಂದಿ. ನಡೆದರೆ ಬಣ್ಣ ಬದಲಾಗುವ ಸೀರೆಯೇ ಎಲ್ಲರಿಗೂ ಬೇಕು. ಸಾವಕಾರರು ಹಸಿರು ಸೀರೆ ಬಿಚ್ಚಿ ತೋರಿಸಿದರು. ಒಬ್ಬಾಕೆ ಅದನ್ನು ಹೊದ್ದುಕೊಂಡು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದು ನೋಡಿ ಬಿಸಾಕಿದಳಂತೆ. “ಆಕಡಿ ಹೋದ್ರೂ ಹಸಿರು, ಈಕಡಿ ಬಂದ್ರೂ ಹಸಿರು. ನಮಗ ಮೋಸ ಮಾಡ್ತೀರೇನ್ರಿ ಸಾವಕಾರ್ರ?”

ಮಸ್ಕಿಯಲ್ಲೇ: ಸಾವಕಾರರ ಕೈಚಳಕ

ಸಾವಕಾರರು ತಂಬಿಗೆ ಬಂದಾಗ ಮುಖ ಕೆಂಪಗಾಗಿತ್ತು. ಅದಕ್ಕೆ ನನ್ನ ಹಾಳೆಯೇನೂ ಬೇಕಾಗಿರಲಿಲ್ಲ.

“ಅಂಥ ಸೀರಿ ನೇಯಾವ ಭೂಮಿ ಮ್ಯಾಲ ಹುಟ್ಟಿಲ್ಲ! ಈಗ ನಾ ಏನು ಮಾಡ್ಲಿ?”

ಮದುವೆ ಮುರಿಯಿತೆಂದೇ ತಿಳಿದು ಆಡಿನ ಕತೆ, ಹಾಳೆಯ ಕತೆ ಎಲ್ಲ ಹೇಳಿಬಿಟ್ಟೆ. ಅವರು ಹಳದಿಯ ಮೇಲೆ ನೀಲಿ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದರು.

“ಇವತ್ತು ನಾನ ಹಿಡೀತೀನಿ,” ಅಂದರು.

ಸಂಜೆ ಮಷೀನಿನ ಪಕ್ಕ ನಿಂತು ಎರಡೂ ಹಾಳೆಗಳನ್ನು ಬಿಗಿಯಾಗಿ ಹಿಡಿದವರು ಚಿತ್ರ ಮುಗಿಯುವ ತನಕ ಬಿಡಲೇ ಇಲ್ಲ. ತೋಟ ಹಸಿರು, ಚಂದ್ರ ಹಸಿರು, ಹೊಡೆದಾಟದ ರಕ್ತ ಹಸಿರು, ಸತ್ತ ಗಂಡನೂ ಹಸಿರು. ನೆಲದ ಮೇಲೆ ಕೂತವರಲ್ಲಿ ಯಾರೋ ಕೂಗಿದರು, “ನಿನ್ನಿ ಬಣ್ಣ ಎಲ್ಲಿ ಹೋದ್ವೋ?”

ಸಾವಕಾರರು ಕಿಂಡಿಯಿಂದ ತಲೆ ಹೊರಹಾಕಿ, “ಹೈದರಾಬಾದಿನ್ಯಾಗ ಈಗ ಎಲ್ಲಾ ಇದ ನಡದದ!” ಎಂದು ಕೂಗಿದರು.

ಮರುದಿನದಿಂದ ಹಸಿರು ಸೀರೆ ಹೋಗತೊಡಗಿತು. ವಾರದಲ್ಲಿ ಗಂಟುಗಳೆಲ್ಲ ಖಾಲಿ. ಸಾವಕಾರರು ತೋಳು ತಿಕ್ಕಿಕೊಳ್ಳುತ್ತ ಬಂದು, “ಕೈ ಇನ್ನಾ ನೋಯ್ತಾವ. ನಿನ್ನ ಕೆಲಸ ಹಗುರ ಅಲ್ಲ ಬಿಡು. ಮಗಳನ್ನ ಕೊಟ್ಟೀನಿ,” ಅಂದರು.

ಮದುವೆಯ ದಿನ ಒಂದು ಫಜೀತಿ ಉಳಿದಿತ್ತು. ಅಕ್ಕಿಕಾಳಿನ, ಅಂದರೆ ಅಕ್ಷತೆ ಹಾಕುವ, ಹೊತ್ತಿಗೆ ಮದುಮಗಳು ಹಸಿರು ಸೀರೆಯಲ್ಲೇ ಕೂರಬೇಕೆಂಬುದು ಅವರ ಮನೆಯ ಪದ್ಧತಿ. ಅಂಗಡಿಯಲ್ಲಿ ನೋಡಿದರೆ ಒಂದೇ ಒಂದು ಹಸಿರು ಸೀರೆಯೂ ಉಳಿದಿಲ್ಲ! ಹುಡುಗಿ ಹಳದಿ ಸೀರೆ ಉಟ್ಟು ಬಂದಳು. ನನ್ನ ಹೆಗಲ ಮೇಲೆ ಮಾಲಕರು ಉಡುಗೊರೆ ಕೊಟ್ಟ ನೀಲಿ ಶಾಲು. ಹುಡುಗಿಯ ಸೋದರತ್ತೆ ಹಸೆಯ ಮುಂದೆ ಅಡ್ಡ ನಿಂತು, “ಹಸಿರಿಲ್ಲದ ಅಕ್ಕಿಕಾಳು ಹಾಕಾಕ ನಾ ಬಿಡಂಗಿಲ್ಲ,” ಎಂದು ಹಟ ಹಿಡಿದಳು. ಮಂದಿಯೆಲ್ಲ ಅಕ್ಕಿ ಹಿಡಿದುಕೊಂಡು ಹಾಗೇ ನಿಂತರು.

ನನ್ನ ಮಾವನವರು ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ತಂಗಿಗೆ ಗಟ್ಟಿಯಾಗಿ ಹೇಳಿದರು:

“ಆಕಿ ಹಳದಿ, ಅಂವ ನೀಲಿ. ಇಬ್ಬರನ್ನೂ ಒತ್ತಿ ಕುಂಡ್ರಸ್ರವ್ವಾ, ತಾನ ಹಸಿರಾಗ್ತದ!”